ಲಿಪಾ ಬೀದಿ ಹದಿನಾಲ್ಕನೇ ಮನೆಯ ಅಂತಿಮ ದರ್ಶನ

ಸೆಪ್ಟೆಂಬರ್ 9, ಸೋಮವಾರ

ಇವತ್ತು ಒಟ್ಟು ಏಳು ಬಚ್ಚಲಮನೆಗಳ ಫೋಟೊ. ಏಳರಲ್ಲೂ ಕನ್ನಡಿಯೊಳಗೆ ನನ್ನ ಮೊಣಕೈ. ನಮ್ಮೂರು ಬಾಂಕ್ಯಾದಲ್ಲಿ ಮನೆ ಹುಡುಕುವವರಿಗೆಲ್ಲ ಈ ಹೊತ್ತಿಗೆ ನನ್ನ ಮೊಣಕೈ ಗುರುತು ಸಿಗಬೇಕು.

ನೆವೆನಾ ಅತ್ತೆ — ಅಪ್ಪನ ಅಕ್ಕ, ನನ್ನ ಬಾಸ್, ಈ ಊರಿನ ಅತಿ ಹಿರಿಯ ಮನೆ ದಲ್ಲಾಳಿ — ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತಾ ಉಪದೇಶ ದಯಪಾಲಿಸಿದರು. ಲೋಕಕಲ್ಯಾಣಾರ್ಥ ದಾಖಲಿಸುತ್ತಿದ್ದೇನೆ. ಮನೆ ತೋರಿಸುವಾಗ ಮನೆಯವರು ಅಲ್ಲಿರಕೂಡದು. ನಾಯಿಯೂ ಇರಕೂಡದು. ಮೀನು ಹುರಿದಿರಕೂಡದು. ನೋಡಲು ಬಂದವರು ಕಿಟಕಿ ಹತ್ತಿರ ಸುಮ್ಮನೆ ನಿಂತರೆ ನಾವೂ ಬಾಯಿ ಮುಚ್ಚಿಕೊಂಡಿರಬೇಕು... ಮನಸ್ಸಿನಲ್ಲೇ ಸೋಫಾ ಜೋಡಿಸುತ್ತಿರುತ್ತಾರೆ, ಕೆಡಿಸಬಾರದು.

ಗೋಡೆಯಲ್ಲಿ ಬಿರುಕಿದ್ದರೆ? ಅಂತ ಕೇಳಿದೆ.

"ಕೇಳಿದರೆ ಹೇಳು. ಕೇಳದಿದ್ದರೆ ಅದರ ಮುಂದೆ ನಿಂತ್ಕೋ."

ಸೆಪ್ಟೆಂಬರ್ 12

ಹೊಸ ಮನೆ ಬಂತು. ಲಿಪಾ ಬೀದಿ, ನಂಬರ್ ಹದಿನಾಲ್ಕು. ಮೂರು ಕೋಣೆ, ನೆಲಮಾಳಿಗೆ, ಎರಡು ಚೆರ್ರಿ ಮರ. ಮಾರುವವರು ರುಮ್ಯಾನಾ ಅಕ್ಕ. ಬೆಳಿಗ್ಗೆ ರೈಲ್ವೆ ಸ್ಟೇಷನ್ ಹತ್ತಿರ ಬುಟ್ಟಿಯಲ್ಲಿ ಬಾನಿತ್ಸಾ ಮಾರುತ್ತಾರೆ, ಪದರ ಪದರದ ಬಿಸಿ ತಿಂಡಿ. ಅವರ ಕೈಯ ಚೀಸ್ ಬಾನಿತ್ಸಾ ತಿನ್ನಲೆಂದೇ ನಾನು ಎರಡು ರೈಲು ಬಿಟ್ಟಿದ್ದುಂಟು.

ಗಂಡ ಕಿರಿಲ್ ಜನವರಿ ಇಪ್ಪತ್ತಕ್ಕೆ ತೀರಿಕೊಂಡರು. ಮಕ್ಕಳಿಲ್ಲ. ಅಕ್ಕನ ಕಣ್ಣು ಸ್ಟೇಷನ್ ರಸ್ತೆಯ ಒಂದು ಅಂಗಡಿ ಮೇಲೆ. ಮುಂದೆ ಅಂಗಡಿ, ಹಿಂದೆ ಇರಲು ಕೋಣೆ, ದೊಡ್ಡ ಓವನ್‌ಗೆ ಜಾಗ. ಅಂಗಡಿಯವನು ಅಕ್ಟೋಬರ್ 31ರವರೆಗೆ ಕಾಯುತ್ತೇನೆ ಎಂದಿದ್ದಾನೆ. ಆಮೇಲೆ ಮೊಬೈಲ್ ಮಾರುವವನಿಗೆ ಕೊಡುತ್ತಾನಂತೆ. ಅಷ್ಟರೊಳಗೆ ಮನೆ ಹೋಗಬೇಕು. ಇಲ್ಲದಿದ್ದರೆ ಮತ್ತೆ ಬುಟ್ಟಿ, ಮತ್ತೆ ಚಳಿ.

ಒಂದು ತೊಡಕು. ಮಕ್ಕಳಿಲ್ಲದ್ದರಿಂದ ಕಿರಿಲ್‌ನ ತಾಯಿಗೂ ಮನೆಯಲ್ಲಿ ಪಾಲು. ಅವರ ಸಹಿ ಇಲ್ಲದೆ ಮಾರುವಂತಿಲ್ಲ. ವೆಲಿಕಾ ಅಜ್ಜಿ. ಪಕ್ಕದ ಚಿಕ್ಕ ಮನೆಯಲ್ಲೇ ಇದ್ದಾರೆ, ನಡುವೆ ಒಂದು ತಂತಿ ಬೇಲಿ. ಸಹಿ ಹಾಕ್ತೀನಿ ಅಂದಿಲ್ಲ. ಹಾಕಲ್ಲ ಅಂತಲೂ ಅಂದಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಮೊದಲ ಗಿರಾಕಿ. ಕಾರಿನಿಂದ ಇಳಿದರು. ಗೇಟಿನ ಮೇಲೆ ಕಪ್ಪು ಚೌಕಟ್ಟಿನಲ್ಲಿ ಮೀಸೆಯ ಕಿರಿಲ್. 'ನಮ್ಮನ್ನಗಲಿ ಆರು ತಿಂಗಳು.' ಹೆಂಡತಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಕಾರು ಹತ್ತಿದರು. ಹೋದರು. ಮನೆ ತೋರಿಸಲು ತೆಗೆದುಕೊಂಡ ಸಮಯ: ನಲವತ್ತು ಸೆಕೆಂಡು.

ಶ್ರದ್ಧಾಂಜಲಿ ಹಾಳೆ ಯಾವ ಗೇಟಿನ ಮೇಲಿಲ್ಲ ಈ ಊರಲ್ಲಿ? ನಲವತ್ತು ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು ಅಂಟಿಸುತ್ತಲೇ ಇರುತ್ತೇವೆ. ಆದರೆ ತಾನು ಕೊಳ್ಳುವ ಮನೆಯ ಗೇಟಿನ ಮೇಲೆ ಯಾರಿಗೂ ಬೇಡ. ಅತ್ತೆಯ ಉಪದೇಶಕ್ಕೆ ಇನ್ನೊಂದು ಸೇರ್ಪಡೆ: ಮನೆ ತೋರಿಸುವ ಮುಂಚೆ ಸತ್ತವರನ್ನು ಒಳಗೆ ಕಳಿಸಬೇಕು.

ರುಮ್ಯಾನಾ ಅಕ್ಕನ ಒಪ್ಪಿಗೆ ಪಡೆದು ಹಾಳೆ ಬಿಡಿಸಿದೆ. ಹರಿಯದ ಹಾಗೆ, ಬಿಸಿನೀರಿನ ಬಟ್ಟೆ ಇಟ್ಟು. ಸಂಜೆ ನೋಡಿದರೆ ಅದೇ ಜಾಗದಲ್ಲಿ ಹೊಸ ಹಾಳೆ. ಬೇಲಿಯಾಚೆ ವೆಲಿಕಾ ಅಜ್ಜಿ ಅಂಟಿನ ಡಬ್ಬಿ ತೊಳೆಯುತ್ತಿದ್ದರು. ನಮಸ್ಕಾರ ಅಂದೆ. ತೊಳೆಯುತ್ತಲೇ ಇದ್ದರು.

ಸೆಪ್ಟೆಂಬರ್ 17

ಬಿಡಿಸಿದೆ. ಅಂಟಿಸಿದರು.

ಸೆಪ್ಟೆಂಬರ್ 18

ಅದೇ.

ಸೆಪ್ಟೆಂಬರ್ 21, ಶನಿವಾರ

ಎರಡನೇ ಗಿರಾಕಿ. ಹಾಳೆ ಹತ್ತು ನಿಮಿಷ ಮುಂಚೆಯಷ್ಟೇ ಬಿಡಿಸಿದ್ದೆ, ಅಜ್ಜಿಗೆ ಸಮಯ ಸಿಗದ ಹಾಗೆ. ನನ್ನ ಯುದ್ಧತಂತ್ರಕ್ಕೆ ನಾನೇ ತಲೆದೂಗಿದೆ. ಗಿರಾಕಿ ಕಿಟಕಿ ಹತ್ತಿರ ನಿಂತರು. ನಾನು ಬಾಯಿ ಮುಚ್ಚಿಕೊಂಡೆ. ಸೋಫಾ ಬಂತು, ಟಿವಿ ಬಂತು, ಪರದೆ ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಹಿಂಬಾಗಿಲಿನಿಂದ ಅಜ್ಜಿ. ಕೈಯಲ್ಲಿ ತಟ್ಟೆ. ಸಕ್ಕರೆ ಪುಡಿ ಉದುರಿಸಿದ ಬೇಯಿಸಿದ ಗೋಧಿ.

"ತಗೊಳ್ಳಿ. ನನ್ನ ಮಗನ ಆತ್ಮಕ್ಕೆ."

ತಿನ್ನದೆ ಇರುವಂತಿಲ್ಲವಲ್ಲ. ತಿಂದರು. ನಾನೂ ತಿಂದೆ, ಚೆನ್ನಾಗಿತ್ತು. ಫೋನ್ ಮಾಡ್ತೀವಿ ಅಂದರು. ಮಾಡುವುದಿಲ್ಲ ಅಂತ ಮೂವರಿಗೂ ಗೊತ್ತಿತ್ತು.

ಅಕ್ಟೋಬರ್ 2

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೂ ಇಲ್ಲ. ಯಾರೂ ಬರಲಿಲ್ಲ. ಬೀದಿಯ ಕಂಬಗಳಿಗೆಲ್ಲ 'ಮನೆ ಮಾರಾಟಕ್ಕಿದೆ' ಹಾಳೆ ಅಂಟಿಸಿದೆ. ಒಬ್ಬರೂ ಓದುವುದಿಲ್ಲ. ಪಕ್ಕದಲ್ಲೇ ಇರುವ ಸಾವಿನ ಹಾಳೆಯನ್ನು ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದುತ್ತಾರೆ. ಯಾರು, ಎಷ್ಟು ವಯಸ್ಸು, ಯಾರ ಮಗಳನ್ನು ಕೊಟ್ಟಿದ್ದು...

ಅತ್ತೆ ಇವತ್ತು ಬೆಲೆ ಇಳಿಸಿದರು. ಆಫೀಸಿನ ಫ್ರಿಡ್ಜ್ ಮೇಲೆ ನನ್ನ ಕೈಬರಹದ ಪ್ರಕಟಣೆ: 'ಮೂರು ವಾರಗಳ ದೀರ್ಘ ಅಸ್ವಸ್ಥತೆಯ ನಂತರ ಒಂದು ಲಕ್ಷ ತೊಂಬತ್ತು ಸಾವಿರ ಯೂರೋ ಶಾಂತವಾಗಿ ಇಹಲೋಕ ತ್ಯಜಿಸಿತು. ಶೋಕತಪ್ತರು: ಕಮಿಷನ್ ಮತ್ತು ಬಂಧುಗಳು.' ಅತ್ತೆ ಓದಿ ನಗಲಿಲ್ಲ. ಹರಿಯಲೂ ಇಲ್ಲ.

ಅಕ್ಟೋಬರ್ 5, ಶನಿವಾರ

ಒಂದು ಪ್ರಯೋಗ ಮಾಡಿದ್ದೇನೆ. ವಿಜ್ಞಾನಕ್ಕಾಗಿ. ಒಂದೇ ಒಂದು ಹಾಳೆ, ಕಪ್ಪು ಚೌಕಟ್ಟು, ಮೇಲೆ ಶಿಲುಬೆಯ ಜಾಗದಲ್ಲಿ ಚಿಮಣಿ, ನಡುವೆ ಮನೆಯ ಫೋಟೊ. ಚರ್ಚಿನ ಎದುರಿನ ಬಸ್ ಸ್ಟಾಪ್ ಗೋಡೆಗೆ ಅಂಟಿಸಿ ಬಂದೆ:

'ಅತೀವ ದುಃಖದಿಂದ ತಿಳಿಸುವುದೇನೆಂದರೆ, ಲಿಪಾ ಬೀದಿಯ ಹದಿನಾಲ್ಕನೇ ಮನೆಯು ನಲವತ್ತಾರು ವರ್ಷಗಳ ನಿಷ್ಕಳಂಕ ಸೇವೆಯ ನಂತರ ನಮ್ಮ ಕೈಬಿಟ್ಟು ಹೋಗಲು ಸಿದ್ಧವಾಗಿದೆ. ಎಂದೂ ಸೋರಲಿಲ್ಲ. ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಅಂತಿಮ ದರ್ಶನ ಪ್ರತಿದಿನ ಹತ್ತರಿಂದ ಆರು. ಹೂವಿನ ಬದಲು ಮುಂಗಡ ತರಬೇಕಾಗಿ ವಿನಂತಿ.'

ಕೆಳಗೆ ಆಫೀಸಿನ ನಂಬರ್. ವೆಲಿಕಾ ಅಜ್ಜಿ ಬಸ್ಸು ಹತ್ತುವುದೇ ಇಲ್ಲ, ವಿಚಾರಿಸಿಕೊಂಡಿದ್ದೇನೆ.

ಅಕ್ಟೋಬರ್ 6, ಭಾನುವಾರ

ಬಸ್ಸು ಹತ್ತುವುದಿಲ್ಲ. ಚರ್ಚಿಗೆ ಹೋಗುತ್ತಾರೆ. ಮರೆತಿದ್ದೆ.

ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತು ಫೋನ್ ಕರೆ ಬಂದಾಗಿತ್ತು. ಇಬ್ಬರು ಸಂತಾಪ ಸೂಚಿಸಿದರು. ಒಬ್ಬರು, ಮನೆ ಯಾವ ಕಾಯಿಲೆಯಿಂದ ಹೋಯಿತು ಅಂದರು. ಆರು ಜನ ನಿಜಕ್ಕೂ ನೋಡಲು ಬರ್ತೀವಿ ಅಂದರು. ಅತ್ತೆ ಭಾನುವಾರವೂ ಆಫೀಸಿಗೆ ಬಂದಿದ್ದರು, ನನ್ನನ್ನು ಬೈಯಲೆಂದೇ. ರುಮ್ಯಾನಾ ಅಕ್ಕನೂ ಬಂದರು. ಬೈಯಲಿಲ್ಲ. ಸಣ್ಣ ದನಿಯಲ್ಲಿ, ಕಿರಿಲ್‌ನನ್ನು ನಗೆಪಾಟಲು ಮಾಡಿದೆಯಾ ಅಂತ ಕೇಳಿದರು. ಅವರ ಹೆಸರೇ ಇಲ್ಲ ಅಕ್ಕ, ಅಂದೆ. ಹೇಳುವಾಗಲೇ ಅದು ಉತ್ತರವಲ್ಲ ಅನ್ನಿಸಿತು. ಬೈದಿದ್ದರೆ ಚೆನ್ನಾಗಿತ್ತು.

ಆಗ ಬಾಗಿಲಲ್ಲಿ ಅಜ್ಜಿ. ಕಪ್ಪು ತಲೆವಸ್ತ್ರ, ಚರ್ಚಿನ ಕೋಟು, ಕೈಯಲ್ಲಿ ನನ್ನ ಹಾಳೆ — ಹರಿಯದ ಹಾಗೆ ಬಿಡಿಸಿ ತಂದದ್ದು. ಮೇಜಿನ ಮೇಲೆ ಹಾಳೆ ಹರವಿದರು. ಕನ್ನಡಕ ಹಾಕಿಕೊಂಡರು.

"ಇದು ಯಾರು ಬರೆದದ್ದು?"

ಅತ್ತೆಯ ಬೆರಳು ನನ್ನ ಕಡೆಗೆ. ಕುಟುಂಬ ಪ್ರೇಮ.

"ನಲವತ್ತಾರಲ್ಲ, ನಲವತ್ತೆಂಟು. ನಿನಗೆ ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ಕಣೆ. ಸೋರಲಿಲ್ಲ ಅಂತ ಬರೆದಿದ್ದೀಯ, ಎರಡು ಸಲ ಸೋರಿದೆ. ಚೆರ್ರಿ ಮರದ ಮಾತೇ ಇಲ್ಲ. ಮೆಟ್ಟಿಲ ಕಲ್ಲು ಕೂರಿಸಿದ್ದು ನನ್ನ ಮಗ, ಹದಿನೇಳು ವರ್ಷದವನಿದ್ದಾಗ. ಅದೂ ಇಲ್ಲ. ಮತ್ತೆ ಕೆಳಗೆ ದುಃಖಪಡುವವರ ಹೆಸರು ಎಲ್ಲಿ? ಹೆಸರಿಲ್ಲದೆ ಯಾರಾದರೂ ಹಾಳೆ ಅಂಟಿಸ್ತಾರಾ?"

ಹೇಳಿಕೊಂಡೇ ಹೋದರು. ನಾನು ಬರೆದುಕೊಂಡೆ. ಮುಕ್ಕಾಲು ಗಂಟೆ. ತಮಾಷೆ ಮಾಡಲು ಒಂದು ಜಾಗವೂ ಸಿಗಲಿಲ್ಲ.

ಅಕ್ಟೋಬರ್ 7

ತಿದ್ದಿದ ಹಾಳೆ ಇಪ್ಪತ್ತು ಪ್ರತಿ. ಕೆಳಗೆ: 'ದುಃಖಿತರು — ವೆಲಿಕಾ, ರುಮ್ಯಾನಾ.' ಅಜ್ಜಿಯ ಹೆಸರು ಮೊದಲು, ಅದು ಷರತ್ತು. ಅಂಟು ಅಜ್ಜಿಯದೇ. ನನ್ನ ಅಂಟು ನೀರು ನೀರಂತೆ.

ಅಕ್ಟೋಬರ್ 12, ಶನಿವಾರ

ಇಂದು ಅತ್ತೆಯ ಸಕಲ ಉಪದೇಶಗಳೂ ಮಣ್ಣುಪಾಲಾದ ದಿನ.

ಬಂದವರು ಯಾವೋರ್ ಮತ್ತು ಅವನ ಹೆಂಡತಿ. ಅವನು ಬಡಗಿ, ಅವಳಿಗೆ ಏಳು ತಿಂಗಳು. ಬಸ್ ಸ್ಟಾಪಿನಲ್ಲಿ ಹಾಳೆ ಓದಿ ಅವಳು ನಕ್ಕಳಂತೆ, ಆಮೇಲೆ ಮೆಟ್ಟಿಲಿನ ಸಾಲಿಗೆ ಬಂದು ಅತ್ತಳಂತೆ. ಮನೆ ತೋರಿಸಿದ್ದು ನಾನಲ್ಲ, ಅಜ್ಜಿ. ಅತ್ತೆ ಅಡ್ಡ ಬರಲು ನೋಡಿದರು, ಅಜ್ಜಿ ಅವರನ್ನು ಕುರ್ಚಿಯಂತೆ ಪಕ್ಕಕ್ಕೆ ಸರಿಸಿದರು. ಉತ್ತರದ ಗೋಡೆ ಚಳಿಗಾಲದಲ್ಲಿ ಬೆವರುತ್ತದೆ. ಅಡುಗೆಮನೆ ನಲ್ಲಿ ಎಡಕ್ಕೆ ತಿರುಗಿಸಬೇಡಿ. ಸೋರಿದ್ದು ಇಲ್ಲಿ, ಮತ್ತೆ ಇಲ್ಲಿ. ಅತ್ತೆ ಪ್ರತಿ ಬಿರುಕಿನ ಮುಂದೆ ಓಡಿ ನಿಲ್ಲುವುದು, ಅಜ್ಜಿ ಬಂದು, ಸ್ವಲ್ಪ ಸರೀರಿ, ಕಾಣಿಸ್ತಿಲ್ಲ ಅನ್ನುವುದು.

ಯಾವೋರ್ ಗೋಡೆ ತಟ್ಟಿ ನೋಡಿದ. ಮೆಟ್ಟಿಲ ಮೇಲೆ ಕೂತ. ಕೂತಲ್ಲಿಂದಲೇ ಬೆಲೆ ಹೇಳಿದ. ಒಳ್ಳೆಯ ಬೆಲೆ.

ಇಷ್ಟು ಕೆಟ್ಟದ್ದು ಬಾಯಿ ಬಿಟ್ಟು ಹೇಳಿದ ಮೇಲೆ ಬಚ್ಚಿಟ್ಟದ್ದು ಏನೂ ಉಳಿದಿರಲ್ಲ ಅನ್ನಿಸ್ತು, ಅಂದ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಎರಡು ಲೋಟ ಮಜ್ಜಿಗೆ ಕುಡಿದರು. ಮೂವತ್ತು ವರ್ಷದ ಅನುಭವ ಅರಗಬೇಕಲ್ಲ.

ಅಕ್ಟೋಬರ್ 20, ಭಾನುವಾರ

ಕಿರಿಲ್‌ಗೆ ಒಂಬತ್ತು ತಿಂಗಳು. ಹೊಸ ಹಾಳೆ ಬಂದಿದೆ. ಹದಿನಾಲ್ಕರ ಗೇಟಿನ ಮೇಲಲ್ಲ. ಅಜ್ಜಿ ತಮ್ಮದೇ ಗೇಟಿಗೆ ಅಂಟಿಸಿದ್ದಾರೆ. ಹಳೆಯದರ ಅಂಟಿನ ಕಲೆ ಚಾಕುವಿನಿಂದ ಕೆರೆದು ತೆಗೆದಿದ್ದಾರೆ.

ಗೆದ್ದೆವು, ಅಂದೆ ಅತ್ತೆಗೆ.

"ಸಹಿ ಬೀಳೋವರೆಗೆ ಮನೆ ಮಾರಿಲ್ಲ. ಇದನ್ನೂ ಬರ್ಕೋ."

ಬರೆದುಕೊಂಡೆ.

ಅಕ್ಟೋಬರ್ 24

ಅತ್ತೆ ಹೇಳಿದ್ದು ನಿಜ. ಹಾಳೆ ಬರೆಸಿದ್ದು ಸಹಿಯಲ್ಲ, ಮನೆ ತೋರಿಸಿದ್ದೂ ಸಹಿಯಲ್ಲ. ನೋಟರಿ ಹತ್ತಿರ ದಿನ ಗೊತ್ತಾಗಿದೆ, ಮೂವತ್ತೊಂದು, ಬೆಳಿಗ್ಗೆ ಹತ್ತು. ಅಜ್ಜಿ ಬರ್ತೀನಿ ಅಂದಿದ್ದಾರೆ. ಹಾಕ್ತೀನಿ ಅಂದಿಲ್ಲ.

ರುಮ್ಯಾನಾ ಅಕ್ಕ ಸ್ಟೇಷನ್ ಹತ್ತಿರ ಬಾನಿತ್ಸಾ ಸುತ್ತಿಕೊಡುತ್ತಾ ಹೇಳಿದರು: ಮನೆ ಹೋದರೆ ಸೊಸೆಯೂ ಹೋದಳು ಅಂತ ಅಮ್ಮ ತಿಳ್ಕೊಂಡಿದ್ದಾರೆ. ಮಗ ಇಲ್ಲ, ಮೊಮ್ಮಕ್ಕಳಿಲ್ಲ, ಇನ್ನು ಬೇಲಿಯೂ ಇಲ್ಲ... ಯಾವ ಋಣಕ್ಕೆ ನೋಡೋಕೆ ಬರ್ತಾಳೆ ಇವಳು ಅಂತ.

"ಹತ್ತು ನಿಮಿಷದ ದಾರಿ ಅಷ್ಟೇ ಬಿಸೇರಾ. ಅವರಿಗೆ ಅದು ಆಸ್ಟ್ರೇಲಿಯಾ."

ನೀವು ಅದನ್ನೇ ಹೇಳಿ ಅವರಿಗೆ, ಅಂದೆ. ಹೇಳಿದ್ದಾರಂತೆ. ಅಜ್ಜಿ ಎದ್ದು ಹೋಗಿ ಕೋಳಿಗೆ ಕಾಳು ಹಾಕಿದರಂತೆ.

ಮೊಬೈಲ್ ಮಾರುವವನು ಅಂಗಡಿ ಅಳತೆ ತೆಗೆದುಕೊಂಡು ಹೋಗಿದ್ದಾನೆ. ನಾನೇ ನೋಡಿದೆ.

ಅಕ್ಟೋಬರ್ 31, ಗುರುವಾರ. 10.20

ನೋಟರಿ ಆಫೀಸಿನ ಹೊರಗಿನ ಬೆಂಚು. ಅತ್ತೆ ನನ್ನನ್ನು ಒಳಗೆ ಬಿಡಲಿಲ್ಲ. ಗಂಭೀರ ಜಾಗದಲ್ಲಿ ನನಗೆ ನಗು ಬರುತ್ತದಂತೆ. ಆರೋಪ ನಿರಾಧಾರವಲ್ಲ. ಬಾಗಿಲು ಅರ್ಧ ತೆರೆದಿದೆ. ಒಳಗೆ ಯಾವೋರ್ ದಂಪತಿ, ಅಕ್ಕ, ಅಜ್ಜಿ, ಅತ್ತೆ. ಅಂಗಡಿಯವನು ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತಾನೆ.

10.50

ನೋಟರಿ ಪತ್ರ ಪೂರ್ತಿ ಓದಬೇಕು, ಜೋರಾಗಿ. ಕಾನೂನು. ದನಿ ಒಣ ಬ್ರೆಡ್ಡಿನಂತಿದೆ. ಇಷ್ಟು ಚದರ ಮೀಟರ್, ಎರಡು ಅಂತಸ್ತು, ಪೂರ್ವಕ್ಕೆ ಬೀದಿ, ದಕ್ಷಿಣಕ್ಕೆ ವೆಲಿಕಾ ಅವರ ಜಾಗ... ಒಂದು ಕುರ್ಚಿ ಸರಿದ ಸದ್ದು. ಇಣುಕಿದೆ. ಅಜ್ಜಿ ಎದ್ದು ನಿಂತಿದ್ದಾರೆ, ಚರ್ಚಿನಲ್ಲಿ ನಿಲ್ಲುವ ಹಾಗೆ, ಕೈ ಕಟ್ಟಿ. ಅಕ್ಕ ಎದ್ದರು. ಯಾವೋರ್ ಎದ್ದ, ಹೊಟ್ಟೆ ಹಿಡಿದುಕೊಂಡು ಅವನ ಹೆಂಡತಿಯೂ. ಕೊನೆಗೆ ಅತ್ತೆ. ನೋಟರಿ ಒಂದು ಕ್ಷಣ ತಡೆದು, ತಾನೂ ನಿಂತುಕೊಂಡೇ ಓದಿದರು.

ನಗು ಬರಲಿಲ್ಲ. ದಾಖಲಿಸಿದ್ದೇನೆ.

11.15

ಓದಿ ಮುಗಿಯಿತು. ಎಲ್ಲರ ಸಹಿ ಆಯಿತು, ಅಜ್ಜಿಯದು ಬಿಟ್ಟು. ಅಜ್ಜಿ ಪೆನ್ನು ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟರು. ಬಾಗಿಲಲ್ಲಿ ಅತ್ತೆಯ ಮುಖ, ಸುಣ್ಣದ ಹಾಗೆ. ಅಜ್ಜಿ ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಈಗ ಆಡಿದ ಮಾತು, ಮರೆಯುವ ಮುಂಚೆ ಬರೆಯುತ್ತಿದ್ದೇನೆ.

"ಏ ಹುಡುಗಿ. ನೀನು ದಲ್ಲಾಳಿ ತಾನೆ? ನಿಜ ಹೇಳು. ಆ ಅಂಗಡಿ ಮುಂದೆ ಸ್ಟೂಲು ಹಾಕಿದರೆ ಬಿಸಿಲು ಯಾವಾಗ ಬೀಳುತ್ತೆ?"

ಯಾರಿಗೆ ಸ್ಟೂಲು, ಅಂದೆ.

"ಸೊಸೆ ಹಾಕ್ತಾಳಂತೆ, ನನಗೆ. ಒಳಗೆ ಕಿವಿಯಲ್ಲಿ ಹೇಳಿದಳು. ಅದು ಬಿಡು, ಬಿಸಿಲು ಹೇಳು."

ದಿನವಿಡೀ ಬಿಸಿಲು ಅಂತ ನಾಲಿಗೆ ತುದಿಗೆ ಬಂತು. ಎಷ್ಟು ಸಲ ಹೇಳಿಲ್ಲ. ಕಣ್ಣು ಮುಚ್ಚಿ ಅಂಗಡಿ ನೆನಪಿಸಿಕೊಂಡೆ.

"ಎಂಟರಿಂದ ಹನ್ನೊಂದು ಅಜ್ಜಿ. ಆಮೇಲೆ ಎದುರಿನ ಕಟ್ಟಡದ ನೆರಳು. ಚಳಿಗಾಲದಲ್ಲಿ ಇನ್ನೂ ಕಡಿಮೆ."

ಅಜ್ಜಿ ಬೆರಳು ಮಡಚಿ ಗಂಟೆ ಎಣಿಸಿದರು.

"ಹನ್ನೊಂದು ಸಾಕು. ಆಮೇಲೆ ನನಗೂ ಮನೇಲಿ ಅಡುಗೆ ಇರುತ್ತೆ."

ಈಗ ಕೋಟಿನ ಗುಂಡಿ ಹಾಕಿಕೊಂಡು ಎದ್ದಿದ್ದಾರೆ. ಒಳಗೆ ಕೊಟ್ಟ ಪೆನ್ನು ತೀರಾ ನುಣುಪು, ಬೆರಳಿಂದ ಜಾರುತ್ತದಂತೆ. ನನ್ನದು ಬೇಕಂತೆ, ಕೈ ಚಾಚಿದ್ದಾರೆ. ಒಂದು ನಿಮಿಷ ಅಜ್ಜಿ, ಈ ಸಾಲೊಂದು ಮುಗಿಸಿ