ಹೊಟ್ಟೆಯಿಲ್ಲದವರಿಗೆ ಬೆಣ್ಣೆ

ಜೂನ್ 4, ಬೆಳಿಗ್ಗೆ

ಗಂಜಿ ಕುದಿಸಿದೆ, ಸೋಸಿದೆ, ಆರಿಸಿದೆ. ಅರ್ಧ ಲೋಟ ಕುಡಿದರು — ಮುಖ ಕಿವುಚಿಕೊಂಡು. ಆಪರೇಷನ್ನಿನಲ್ಲಿ ಇವರ ಜಠರವನ್ನೇ ತೆಗೆದುಬಿಟ್ಟಿದ್ದಾರೆ. ಕ್ಯಾನ್ಸರ್. ಅನ್ನನಾಳವನ್ನು ನೇರ ಕರುಳಿಗೆ ಹೊಲಿದಿದ್ದಾರೆ.

ಮದುವೆಯಾದಾಗಿನಿಂದ ನನ್ನ ತಟ್ಟೆಯ ಮೇಲೇ ಇವರ ಕಣ್ಣು. ಎಣ್ಣೆಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದರು. ಬೆಣ್ಣೆ ಡಬ್ಬಿಗೆ ಬೀಗ. ನೆಂಟರ ಮುಂದೆಯೇ — "ಇವಳಿಗೆ ಜಾಸ್ತಿ ಬಡಿಸ್ಬೇಡಿ, ಬಾಗಿಲು ಅಗಲ ಮಾಡಿಸ್ಬೇಕಾಗುತ್ತೆ." ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬೀಗದ ಕೈ ಈಗ ನನ್ನ ಹತ್ತಿರ ಇದೆ.

ಜೂನ್ 9

ಆಸ್ಪತ್ರೆ. ಡಯಟಿಷಿಯನ್ ಹುಡುಗಿ ಚೂಟಿ. ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಒರಗಿದ್ದರು.

"ಆಂಟಿ, ಕೊಬ್ಬು ಹೆಚ್ಚಾಗಿ ಅರಗೋದು ಕರುಳಲ್ಲೇ, ಮೈಗೆ ಸೇರೋದೂ ಅಲ್ಲಿಂದಾನೇ. ಆದ್ರೆ ಅದಕ್ಕೆ ಮುಂಚೆ ಜಠರ ಅದನ್ನ ಕಡೆದು ಕಡೆದು ಸಣ್ಣ ಹನಿ ಮಾಡುತ್ತೆ, ತನ್ನ ರಸದಿಂದ ಸ್ವಲ್ಪ ಒಡೆಯುತ್ತೆ, ಆಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತೆ. ಅಂಕಲ್‌ಗೆ ಈಗ ಅದೇ ಇಲ್ಲ. ಎಲ್ಲ ಒಟ್ಟಿಗೆ ನುಗ್ಗುತ್ತೆ. ಪಿತ್ತರಸದ ಜೊತೆ ಸರಿಯಾಗಿ ಬೆರೆಯೋಕೂ ಪುರುಸೊತ್ತಿಲ್ಲ — ಅರ್ಧ ಹಾಗೇ ಹೊರಗೆ."

"ಜಾಸ್ತಿ ಕೊಟ್ರೆ?"

"ಟಾಯ್ಲೆಟ್ಟೇ ಮನೆ. ತೂಕ ಇಳಿಯುತ್ತೆ. ಸ್ವಲ್ಪಸ್ವಲ್ಪ ಕೊಡಿ, ಊಟದ ಜೊತೆ ಕೊಬ್ಬು ಅರಗಿಸೋ ಈ ಎನ್‌ಜೈಮ್ ಮಾತ್ರೆ ಮರೀಬೇಡಿ."

ತಲೆಯಾಡಿಸಿದೆ. ಚೆನ್ನಾಗಿ ಅರ್ಥವಾಯಿತು.

ಜೂನ್ 10

ಬ್ರೆಡ್ಡಿಗೆ ಬೆಣ್ಣೆ — ಬೆರಳು ದಪ್ಪ. ಮಾತ್ರೆ ಕೊಡಲಿಲ್ಲ. ಹೊಟ್ಟೆ ಹಿಡಿದುಕೊಂಡು ಓಡಿದರು. ಬಾಗಿಲಾಚೆ ನಿಂತು ನರಳಾಟ ಕೇಳಿಸಿಕೊಂಡೆ. ಹಾಲು ಕುಡಿದಷ್ಟು ಸಂತೋಷ.

ಜೂನ್ 26

ನಾದಿನಿ ಬಂದಿದ್ದಳು. ಅಣ್ಣನ ತಟ್ಟೆ ನೋಡಿ ಕಣ್ಣಲ್ಲಿ ನೀರು. "ಅತ್ತಿಗೆ, ಅಣ್ಣ ನಿಮ್ಮನ್ನ ಅಷ್ಟೆಲ್ಲ ಅಂದ್ರೂ ಎಷ್ಟು ಧಾರಾಳವಾಗಿ ಬೆಣ್ಣೆ ಹಾಕ್ತೀರ! ನಿಮ್ಮದು ದೊಡ್ಡ ಮನಸ್ಸು."

ನಗು ತಡೆಯಲಾರದೆ ಒಳಗೆ ಹೋದೆ. ಇವರ ಪ್ಯಾಂಟು ದಾರ ಕಟ್ಟಿದ್ದರಿಂದ ನಿಂತಿದೆ. ಬಾಗಿಲು ಅಗಲ ಮಾಡಿಸುವ ಖರ್ಚು ಉಳಿಯಿತು.

ಜುಲೈ 2, ಮಧ್ಯಾಹ್ನ

ಡಾಕ್ಟರ್ ಬೈದರು. ತೂಕ ಹೀಗೇ ಇಳಿದರೆ ಕೀಮೋ ಕೊಡಲಾಗದು, ಉಳಿಯುವುದು ಕಷ್ಟ. "ಮನೇಲಿ ಏನು ಕೊಡ್ತಿದೀರಾ?" ಚೀಟಿ ಹುಡುಕುವವಳಂತೆ ಚೀಲಕ್ಕೆ ಕೈ ಹಾಕಿದೆ. ಇವರೇ ಹೇಳಿದರು — "ಅವಳು ಎಲ್ಲ ಸರಿಯಾಗೇ ಕೊಡ್ತಾಳೆ. ನನಗೇ ಸೇರ್ತಿಲ್ಲ."

ಸುಳ್ಳು... ಯಾಕೆ?

ಜುಲೈ 3

ಇವತ್ತು ಬರೀ ಬ್ರೆಡ್ಡು ಇಟ್ಟೆ. ಭಯ, ಅಷ್ಟೇ. ಇವರು ಬೆಣ್ಣೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ಹಾಕು. ಆ ಹುಡುಗಿ ಹೇಳಿದ್ದು ನನಗೂ ಕೇಳಿಸಿತ್ತು. ಮೊದಲನೇ ದಿನದಿಂದ್ಲೂ ಗೊತ್ತು. ಹಾಕು, ಮುಗಿದುಹೋಗ್ಲಿ."

ಪಿತ್ತ ನೆತ್ತಿಗೇರಿತು. ಬೆಣ್ಣೆ ಎಷ್ಟು ಅಂತ ಈಗಲೂ ಇವರೇ ಹೇಳಬೇಕೇ? ನನ್ನ ಸೇಡಿಗೂ ಇವರದೇ ಅಪ್ಪಣೆಯೇ? ಮಾತ್ರೆ ಬಾಯಿಗೆ ತುರುಕಿದೆ. ಬೆಣ್ಣೆ ಕಂಡೂ ಕಾಣದಷ್ಟು ಸವರಿದೆ. "ಚೆನ್ನಾಗಿ ಅಗೀರಿ. ಕಡೆಯೋಕೆ ಒಳಗೆ ಯಾರೂ ಇಲ್ಲ."

"ಯಾಕೆ ಉಳಿಸ್ತೀಯ?"

"ಸತ್ರೆ ತಪ್ಪಿಸ್ಕೊಳ್ತೀರಿ."

ಜುಲೈ 15

ತೂಕ ಸ್ವಲ್ಪ ಏರಿದೆ. ಡಾಕ್ಟರಿಗೆ ಖುಷಿ. ನನಗೂ — ಬೇರೆ ಕಾರಣಕ್ಕೆ. ದಿನಾ ಎದುರಿಗೆ ಕೂತು ಬೆಣ್ಣೆ ಬಳಿದುಕೊಂಡು ತಿನ್ನುತ್ತೇನೆ. ಇವರು ನೋಡಬೇಕು, ಕರುಬಬೇಕು. ನೋಡುತ್ತಾರೆ. ಇವತ್ತು ಮೆಲ್ಲಗೆ ಅಂದರು — "ಇನ್ನೂ ಸ್ವಲ್ಪ ಹಾಕ್ಕೋ."

ಬ್ರೆಡ್ಡನ್ನು ತಟ್ಟೆಗೆ ಎಸೆದೆ. ಇದನ್ನೂ ಕಿತ್ತುಕೊಂಡರಲ್ಲ ಈ ಮನುಷ್ಯ! ಇಷ್ಟು ವರ್ಷದ ಸಿಟ್ಟನ್ನು ಈಗ ನಾನು ಎಲ್ಲಿ ಇಡಲಿ?