ಎನಿಡ್‌ಳ ಇಪ್ಪತ್ತೆಂಟು ಹಲ್ಲು

1949 ಫೆಬ್ರವರಿ 12, ಶನಿವಾರ

ಹೊಸ್ತಿಲು ಉಜ್ಜಿ ಆಯಿತು. ಕಿಟಕಿಯೂ. ಮಾಂಸದ ರೇಷನ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಸಿಕ್ಕಿದ್ದು ಅಂಗೈಯಷ್ಟು. ಆಮೇಲೆ ಹಲ್ಲಿನ ಡಾಕ್ಟರು ಮಿಸ್ಟರ್ ಕೀಲಿಂಗ್ ಹತ್ತಿರ. ಏಳು ತಿಂಗಳು ಕಾದಿದ್ದೆ. ಇವತ್ತು ಕೊಟ್ಟರು — ಹೊಸ ಕಟ್ಟುಹಲ್ಲಿನ ಸೆಟ್, ಮೇಲೆ ಕೆಳಗೆ ಎರಡೂ. ಸಹಿ ಹಾಕಿದೆ, ಅಷ್ಟೇ, ದುಡ್ಡು ಕೊಡುವ ಹಾಗಿಲ್ಲ. ಅಭ್ಯಾಸಬಲ, ಪರ್ಸ್‌ಗೆ ಕೈ ಹೋಗಿತ್ತು. "ಒಳಗಿಡಿ ಮಿಸೆಸ್ ಪಿಕಪ್. ಈಗ ಎಲ್ಲರಿಗೂ ಇದೆ ಇದು" ಅಂದರು.

ಹದಿನೈದು ವರ್ಷ ಅತ್ತೆಯ ಹಲ್ಲು ಹಾಕಿಕೊಂಡು ಬದುಕಿದೆ! ನನ್ನ ಸೆಟ್ ಒಡೆದಾಗ ಗಂಡ ಆರ್ನಲ್ಡ್‌ಗೆ ಕೆಲಸವಿರಲಿಲ್ಲ. ಅದೇ ಚಳಿಗಾಲ ಅತ್ತೆ ತೀರಿಕೊಂಡರು. ಒಳ್ಳೆ ಹಲ್ಲನ್ನು ಮಣ್ಣಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ವಸಡು ಹುಣ್ಣಾಗುತ್ತಿತ್ತು, ಸೀನಿದರೆ ಕೈ ಅಡ್ಡ ಹಿಡಿಯಬೇಕಿತ್ತು. ಬರುವಾಗ ದಾರಿಯಲ್ಲೇ ಅತ್ತುಬಿಟ್ಟೆ. ಸಂತೋಷಕ್ಕೇ.

ಫೆಬ್ರವರಿ 14, ಸೋಮವಾರ

ಗಿರಣಿಯ ಮಗ್ಗಗಳ ಗದ್ದಲದಲ್ಲಿ ನಮ್ಮದು ಬರೀ ತುಟಿ ಮಾತು, ತುಟಿ ನೋಡಿಯೇ ತಿಳಿಯಬೇಕು. ಕ್ಲಾರಿಸ್ ನನ್ನ ಎದುರಿನ ಮಗ್ಗದವಳು, ಇಪ್ಪತ್ತು ವರ್ಷದಿಂದ. ಬೆಳಿಗ್ಗೆ ನಾನು ಏನೋ ಅಂದೆ. ಅವಳು ಲಾಳಿ ಕೆಳಗಿಟ್ಟು ನೋಡುತ್ತಲೇ ನಿಂತಳು.

ಟೀ ಹೊತ್ತಿನಲ್ಲಿ ಬಂದು ಹೇಳಿದಳು — "ಅಬ್ಬಾ, ಇವತ್ತು ನೀನು ಹೇಳಿದ್ದೆಲ್ಲಾ ತಿಳೀತು ಕಣೇ! ಇಷ್ಟು ವರ್ಷ ನಿಮ್ಮತ್ತೆ ಜೊತೆ ಮಾತಾಡ್ದಂಗಿತ್ತು."

"ಅತ್ತೆನ ಪೆಟ್ಟಿಗೆಲಿಟ್ಟಿದೀನಿ" ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕ್ಲಾರಿಸ್ ಪಾಪ. ಕಾಲಿನ ನರಗಳು ಉಬ್ಬಿ ನೀಲಿಯಾಗಿವೆ. ಆಪರೇಷನ್ ಆಗಬೇಕು, ಹೆಸರು ಬರೆಸಿದ್ದಾಳೆ. ಅವಳ ಮುಂದೆ ಮುನ್ನೂರು ಜನ ಇದ್ದಾರಂತೆ.

ಜುಲೈ 5

ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಅನ್ನುವ ಸರ್ಕಾರದ ಹೊಸ ವ್ಯವಸ್ಥೆ ಬಂದು ಇವತ್ತಿಗೆ ಒಂದು ವರ್ಷ. ಆರ್ನಲ್ಡ್‌ಗೂ ಕನ್ನಡಕ ಬಂತು. ಪೇಪರ್ ಓದಿ ಓದಿ ನನಗೇ ವರದಿ ಒಪ್ಪಿಸುತ್ತಾರೆ. "ಹೆಟಿ, ನಿನ್ನ ಮುಖದ ಮೇಲೆ ಮಚ್ಚೆ ಇರೋದು ಗೊತ್ತೇ ಇರಲಿಲ್ಲ ನೋಡು." ಮೂವತ್ತು ವರ್ಷದ ಸಂಸಾರ!

1951 ಮಾರ್ಚ್ 18, ಭಾನುವಾರ

ಮಗಳು ಎನಿಡ್ ಮದುವೆ ಗೊತ್ತಾಯಿತು. ಹುಡುಗ ನಾರ್ಮನ್, ಬಸ್ ಡಿಪೋದವನು. ಆಗಸ್ಟ್‌ನಲ್ಲಿ, ಗಿರಣಿ ರಜೆಯ ವಾರದಲ್ಲೇ. ನಮ್ಮ ಕಡೆಯ ಉಡುಗೊರೆ ಯಾವುದು ಅಂತ ಕೇಳುವಂತೆಯೇ ಇಲ್ಲ. ಹೆಣ್ಣಿನ ಹಲ್ಲೆಲ್ಲ ತೆಗೆಸಿ, ಹೊಸ ಸೆಟ್ ಕಟ್ಟಿಸಿ ಕೊಡುವುದು ನಮ್ಮ ಪದ್ಧತಿ. ಮುಂದೆ ಹಲ್ಲುನೋವು ಅಂತ ಗಂಡನ ತಲೆಗೆ ಭಾರ ಬರಬಾರದು. ನನಗೆ ಇಪ್ಪತ್ತು ತುಂಬಿದಾಗ ಅಪ್ಪ ಮಾಡಿಸಿದರು. ನನ್ನಕ್ಕನಿಗೂ.

ಎನಿಡ್ ಟೆಲಿಫೋನ್ ಆಫೀಸಿನವಳು. ನಮ್ಮ ಹಾಗೆ ಲಾಳಿಯ ತೂತಿಗೆ ಬಾಯಿಟ್ಟು ನೂಲು ಹೀರಿ ಹಲ್ಲು ಕೆಡಿಸಿಕೊಂಡವಳಲ್ಲ. "ನಂಗೆ ನೋವೇ ಇಲ್ವಲ್ಲಮ್ಮ" ಅಂದಳು.

"ಬರೋದಕ್ಕೆ ಮುಂಚೆ ತೆಗೆಸೋದು ಜಾಣತನ" ಅಂದೆ.

ಏಪ್ರಿಲ್ 10, ಮಂಗಳವಾರ

ರೇಡಿಯೋದಲ್ಲಿ ಬಜೆಟ್. ಇನ್ನು ಸ್ವಲ್ಪ ದಿನದಲ್ಲೇ ಹಲ್ಲಿನ ಸೆಟ್‌ಗೆ ಅರ್ಧ ಖರ್ಚು ನಾವೇ ಕೊಡಬೇಕಂತೆ. ಕನ್ನಡಕಕ್ಕೂ. ಆರ್ನಲ್ಡ್ ಕನ್ನಡಕ ತೆಗೆದು ಒರೆಸಿ ಒರೆಸಿ ಇಟ್ಟರು. "ಪುಕ್ಕಟೆ ಅಂದಿದ್ದು ಮೂರೇ ವರ್ಷ ಕಣೇ. ಯುದ್ಧದ ಸಾಮಾನಿಗೆ ದುಡ್ಡು ಬೇಕಂತೆ, ನಮ್ಮ ಬಾಯಿಂದ ಕೀಳ್ತಾರೆ." ಇಷ್ಟು ಸಿಟ್ಟು ಬಂದಿದ್ದು ನೋಡಿ ಎಷ್ಟು ಕಾಲವಾಗಿತ್ತು. ನನಗೆ ಸಿಟ್ಟಿಗಿಂತ ಅವಸರ. ಎನಿಡ್ ಕೆಲಸ ಬೇಗ ಮುಗಿಸಬೇಕು.

ಏಪ್ರಿಲ್ 21, ಶನಿವಾರ

ಕೀಲಿಂಗ್ ನಿರಾಕರಿಸಿಬಿಟ್ಟರು! ಎನಿಡ್ ಬಾಯಲ್ಲಿ ಕನ್ನಡಿ ಆಡಿಸಿ ಎಣಿಸಿದರು. "ಇಪ್ಪತ್ತೆಂಟು. ಎರಡಕ್ಕೆ ಸಿಮೆಂಟ್ ತುಂಬ್ತೀನಿ. ಉಳಿದವು ಇನ್ನೂ ಐವತ್ತು ವರ್ಷ ಬರ್ತವೆ. ನಾನು ಕೀಳಲ್ಲ."

"ಮದುವೆ ಇದೆ ಮಿಸ್ಟರ್ ಕೀಲಿಂಗ್."

"ಶುಭಾಶಯ ಹೇಳ್ತೀನಿ. ಆದ್ರೆ ಕೀಳಲ್ಲ. ಕಿತ್ತರೆ ನಂಗೇ ಲಾಭ, ಗೊತ್ತಾ? ಒಂದೊಂದು ಕೆಲಸಕ್ಕೂ ಸರ್ಕಾರ ಕೊಡುತ್ತೆ."

ಮೈಯೆಲ್ಲ ಉರಿಯಿತು. ಪುಕ್ಕಟೆ ಸಿಗುವ ಹೊತ್ತಿನಲ್ಲಿ ಇವರದೊಂದು ಹಠ. ಸೇತುವೆ ಆಚೆ ಇನ್ನೊಬ್ಬ ಡಾಕ್ಟರಿದ್ದಾನಂತೆ, ಕ್ಲಾರಿಸ್ ಹೇಳಿದಳು. ಕೇಳಿದಷ್ಟೂ ಕೀಳುತ್ತಾನೆ, ಒಂದೇ ಸಲಕ್ಕೆ.

ಏಪ್ರಿಲ್ 28

ಸೇತುವೆ ಆಚೆಯ ಡಾಕ್ಟರ ಹತ್ತಿರ ಯಾರೋ ಬರುವುದಿಲ್ಲ ಅಂದರಂತೆ, ಮುಂದಿನ ಶನಿವಾರ ಜಾಗ ಸಿಕ್ಕಿದೆ. ಎನಿಡ್ "ಆಯ್ತಮ್ಮ" ಅಂದಳು.

ಮೇ 5, ಶನಿವಾರ, ಮಧ್ಯಾಹ್ನ

ಈಗಷ್ಟೇ ಮನೆಗೆ ಬಂದೆವು. ಬರೆದೇಬಿಡುತ್ತೇನೆ.

ಸೇತುವೆ ಆಚೆಯ ಡಾಕ್ಟರ ಕೋಣೆ ತುಂಬ ಹೆಂಗಸರು. ದುಡ್ಡು ಕೊಡುವುದು ಶುರುವಾಗುವ ಮುಂಚೆ ಅಂತ ಎಲ್ಲರಿಗೂ ಅವಸರ. ಎನಿಡ್ ಬಾಗಿಲ ಹತ್ತಿರ, ನಾನು ಈಚೆ ಗೋಡೆಗೆ. ಒಳಗಿಂದ ಒಬ್ಬಳು ಹುಡುಗಿ ಬಂದಳು. ಬಾಯಿಗೆ ಶಾಲು ಒತ್ತಿಕೊಂಡಿದ್ದಳು, ಶಾಲು ಒದ್ದೆ. ಅವಳ ತಾಯಿ ಹೆಮ್ಮೆಯಿಂದ ಎಲ್ಲರಿಗೂ ಹೇಳಿದಳು — "ಜೂನ್‌ನಲ್ಲಿ ಮದುವೆ!" ನಾನೂ ತಲೆಯಾಡಿಸಿದೆ. ಆಡಿಸಿದೆನಲ್ಲ...

"ಎನಿಡ್ ಪಿಕಪ್" ಅಂತ ಕೂಗಿದರು. ಎದ್ದಳು. ಬಾಗಿಲಲ್ಲಿ ತಿರುಗಿ ನನ್ನ ಕಡೆ ನೋಡಿದಳು. ಸದ್ದಿಲ್ಲ, ಬರೀ ತುಟಿ. ನಾನೇ ಒಲೆ ಮುಂದೆ ಕೂರಿಸಿ ಕಲಿಸಿದ್ದು, ಮಗುವಾಗಿದ್ದಾಗ, ಅವಳಪ್ಪ ಮಲಗಿದಾಗ ಮಾತಾಡುವುದಕ್ಕೆ. "ಅಮ್ಮ, ಬೇಡಮ್ಮ. ನನ್ನವು ನಂಗಿರಲಿ." ಒಂದೊಂದು ಅಕ್ಷರ, ಒಂದೊಂದು ಹಲ್ಲು ಕಂಡಿತು. ಬಿಳೀ ಹಲ್ಲು.

ಎದ್ದೆ. ನರ್ಸ್ ಕೈಯಿಂದ ಚೀಟಿ ಕಿತ್ತುಕೊಂಡೆ. "ಈ ಹುಡುಗಿಗೆ ಏನೂ ಆಗಿಲ್ಲ, ಬೇರೆಯವರನ್ನ ಕರೀರಿ" ಅಂದೆ. ಎಲ್ಲರೂ ನೋಡಿದರು. ನೋಡಲಿ.

ಸೇತುವೆ ಮೇಲೆ ಎನಿಡ್ ನನ್ನ ತೋಳು ಹಿಡಿದುಕೊಂಡಳು. "ನಿಂಗೆ ನಾಚಿಕೆ ಆಯ್ತಾಮ್ಮ?" ಅಂದಳು.

"ಆಯ್ತು. ಹೋಗ್ಲಿ. ನಾರ್ಮನ್‌ಗೆ ಭಾರವಾದ್ರೆ ಆಗ್ಲಿ, ಗಂಡಸಲ್ವಾ, ಹೊರ್ತಾನೆ."

ಮೇ 12

ಕೀಲಿಂಗ್ ಎರಡು ಹಲ್ಲಿಗೆ ಸಿಮೆಂಟ್ ತುಂಬಿದರು. ಹದಿನೈದು ನಿಮಿಷ. ಆಚೆ ಬಂದು ಎನಿಡ್ ನಕ್ಕಳು. ನಾನು ಥ್ಯಾಂಕ್ಸ್ ಹೇಳಿದೆ. ಅವರು ಏನೂ ಆಗಿಯೇ ಇಲ್ಲ ಅನ್ನುವ ಹಾಗೆ "ಮುಂದಿನವರು" ಅಂತ ಕೂಗಿದರು. ಆ ಮನುಷ್ಯನ ಋಣ ಸಾಯುವ ತನಕ.

ಆಗಸ್ಟ್ 11, ಶನಿವಾರ

ಮದುವೆ ಮುಗಿಯಿತು. ಕೇಕಿಗೆ ಬೀದಿಯವರೆಲ್ಲ ತಮ್ಮ ರೇಷನ್ ಸಕ್ಕರೆ ಕೊಟ್ಟರು. ಕ್ಲಾರಿಸ್ ಕೋಲು ಹಿಡಿದು ಬಂದಳು. ಎರಡೂವರೆ ವರ್ಷವಾಯಿತು, ಆಸ್ಪತ್ರೆಯ ಕಾಗದ ಇನ್ನೂ ಬಂದಿಲ್ಲ. ಅದನ್ನು ನೆನೆದರೆ ಇವತ್ತಿನ ಸಂತೋಷದಲ್ಲೂ ಕೋಪ ಬರುತ್ತದೆ. ಆದರೂ ನಮ್ಮ ಬೀದಿಯಲ್ಲಿ ಈ ಮೂರು ವರ್ಷದಲ್ಲಿ ಎಷ್ಟು ಜನಕ್ಕೆ ಕಣ್ಣು ಬಂತು, ಕಿವಿ ಬಂತು. ದೇವರು ದೊಡ್ಡವನು. ಆ ಕಾನೂನು ಮಾಡಿದವರೂ.

ಆಗಸ್ಟ್ 19, ಭಾನುವಾರ

ಫೋಟೊ ಬಂತು. ಎನಿಡ್ ಬಾಯಿ ತುಂಬ ನಕ್ಕಿದ್ದಾಳೆ. ಆರ್ನಲ್ಡ್ ಕನ್ನಡಕ ಏರಿಸಿ ನೋಡಿದ್ದೇ ನೋಡಿದ್ದು. ಆಮೇಲೆ ಎದ್ದು ಹೋಗಿ, ಡ್ರಾಯರ್‌ನಿಂದ ನಮ್ಮ ಮದುವೆಯದನ್ನು ತಂದು ಪಕ್ಕದಲ್ಲಿಟ್ಟರು. ಅದರಲ್ಲಿ ನಾನು ತುಟಿ ಬಿಗಿದುಕೊಂಡು ನಿಂತಿದ್ದೇನೆ.

"ನಿಂದು ಎಷ್ಟು ಕೆಟ್ಟಿದ್ವು ಹೆಟಿ, ಆಗ?" ಅಂದರು.

ಎಲ್ಲಾ, ಅನ್ನಬೇಕು ಅಂತ ಬಾಯಿ ತೆರೆದೆ. ಮೂವತ್ತೆರಡು ವರ್ಷದಿಂದ ಹಾಗೇ ಹೇಳುತ್ತಾ ಬಂದಿದ್ದೇನೆ. ಅಪ್ಪ ಎಷ್ಟು ಪ್ರೀತಿಯಿಂದ ಮಾಡಿಸಿದರು... ಯಾರೂ ಕನ್ನಡಿ ಹಿಡಿದು ಎಣಿಸಲಿಲ್ಲ. ಆರ್ನಲ್ಡ್ ಮಲಗಿದ್ದಾರೆ. ಕೂತು ಜ್ಞಾಪಿಸಿಕೊಳ್ಳುತ್ತಿದ್ದೇನೆ. ಎಡಗಡೆ ದವಡೆ ಹಲ್ಲು, ಅದು ನೋಯುತ್ತಿತ್ತು, ನಿಜ. ಮುಂದಿನ ಒಂದು, ಲಾಳಿಯಿಂದ ಕಪ್ಪಾಗಿತ್ತು. ಅದರ ಪಕ್ಕದ್ದು... ಇಲ್ಲ, ಅದಕ್ಕೆ ಏನೂ ಆಗಿರಲಿಲ್ಲ. ಬಲಗಡೆ —