ಗುರುವಾರ ಸಹಿ ಹಾಕಬೇಡ

ಮಂಗಳವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದಿನ ಲಿಫ್ಟ್ ರಿಪೇರಿಯವನೇ,

ಸಾವಿರ ಮುತ್ತು, ಮೇಲೊಂದು ಗುದ್ದು. ಮುತ್ತು ಎಂದಿನದು, ಗುದ್ದು ಯಾಕೆಂದು ಮುಂದೆ ತಿಳಿಯುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಗು. ನೀನು ನಕ್ಕು ತಿಂಗಳ ಮೇಲಾಯಿತು. ಅತ್ತೆಯ ಎದುರಿಗೆ ನಿನ್ನನ್ನು ನೀವು ಎನ್ನಬೇಕು. ಇಲ್ಲಿ ಅವರಿಲ್ಲ, ಹಾಗಾಗಿ ನೀನು, ನೀನು, ನೀನು. ಪತ್ರವನ್ನು ವಕೀಲಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರ ಎದುರಿಗೇ ಓದಿ ಅವರಿಗೇ ಮರಳಿಸು. ಮುತ್ತುಗಳನ್ನು ಮಾತ್ರ ಇಟ್ಟುಕೋ.

ಗುರುವಾರ ಕೋರ್ಟಿನಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಬೇಡ.

ಗೊತ್ತು, ಶುಕ್ರವಾರ ಜೈಲಿನ ಜಾಲರಿಯ ಈಚೆ ನಿಂತು ಸಹಿ ಹಾಕಿಬಿಡು ಎಂದು ಅತ್ತವಳು ನಾನೇ. ನಿಮ್ಮ ಕಂಪನಿಯ ಸಾಹೇಬರು ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಲಿಫ್ಟಿನ ಸ್ವಿಚ್ಚಿಗೆ ಬೀಗ ಹಾಕಲು ಮರೆತೆ ಎಂದು ಒಪ್ಪಿಕೊಂಡರೆ ಎರಡೇ ತಿಂಗಳಲ್ಲಿ ಹೊರಗೆ, ಹಟ ಹಿಡಿದರೆ ವರ್ಷಗಟ್ಟಲೆ ಒಳಗೆ ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿ ಹೋದರು. ನಾನು ನಂಬಿದೆ. ಬೀಗ ಹಾಕಿದ್ದೆ ಎಂದು ಪೊಲೀಸರ ಮುಂದೆ ಹತ್ತು ಸಲ ಹೇಳಿದ ನೀನು, ನನ್ನ ಎರಡು ಹನಿ ಕಣ್ಣೀರಿಗೆ "ಆಯ್ತು, ನೀನು ಅಳಬೇಡ" ಅಂದುಬಿಟ್ಟೆ. ಗುದ್ದು ಅದಕ್ಕೆ. ಹೆಂಡತಿ ಅತ್ತರೆ ಕರವಸ್ತ್ರ ಕೊಡಬೇಕು, ಯಾರಾದರೂ ತಮ್ಮ ಮಾನವನ್ನೇ ಬಿಟ್ಟುಕೊಡುತ್ತಾರೆಯೇ?

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನಗೂ ಅನುಮಾನವಿತ್ತು. ಅಪಘಾತವಾದ ಆ ಸೋಮವಾರ ನಿನಗೆ ಐದು ಸಲ ಫೋನ್ ಮಾಡಿದ್ದೆ, ಐದೂ ಕೆಲಸಕ್ಕೆ ಬಾರದ ಮಾತಿಗೆ. ಬ್ರೇಕ್ ಬಿಚ್ಚಿಟ್ಟು, ಹೊಸ ಸ್ಪ್ರಿಂಗ್ ತರಲು ವ್ಯಾನಿಗೆ ಇಳಿಯುವಾಗ ನನ್ನ ಗುಂಗಿನಲ್ಲಿ, ಬೇರೆ ಯಾರೂ ಕರೆಂಟ್ ಹಾಕದಂತೆ ಮೇನ್ ಸ್ವಿಚ್ಚಿಗೆ ಬೀಗ ಹಾಕುವುದನ್ನು ಮರೆತಿರಬಹುದು ಎಂದುಕೊಂಡೆ. ಯಾರೋ ಸ್ವಿಚ್ ಹಾಕಿದರು, ಲಾಂಡ್ರಿಯ ಅಜ್ಜ ಬಟ್ಟೆಗಂಟು ಹಿಡಿದು ಲಿಫ್ಟಿನೊಳಗೆ ಕಾಲಿಟ್ಟರು, ಬ್ರೇಕಿಲ್ಲದ ಲಿಫ್ಟ್ ಅಂಕೆ ತಪ್ಪಿತು, ಅವರು ಮತ್ತೆ ಹೊರಗೆ ಬರಲಿಲ್ಲ. ಅವರನ್ನು ಕೊಂದದ್ದು ನನ್ನ ಐದು ಫೋನುಗಳು ಎಂದು ಒಳಗೊಳಗೇ ಬೆಂದೆ. ಬೇಗ ಎಲ್ಲ ಮುಗಿದರೆ ಸಾಕು ಅನ್ನಿಸಿದ್ದು ಅದಕ್ಕೇ.

ನಿನ್ನೆ ವಕೀಲಮ್ಮ ತಮ್ಮ ಆಫೀಸಿನಲ್ಲಿ ಪೊಲೀಸರ ಜಪ್ತಿ ಪಟ್ಟಿ ಓದಿದರು. ಮೆಷಿನ್ ರೂಮಿನ ಹಿಂದಿನ ಕಸದಲ್ಲಿ ಸಿಕ್ಕಿದ್ದು: ಎಣ್ಣೆ ಬಟ್ಟೆ ಎರಡು, ಖಾಲಿ ಡಬ್ಬ ಒಂದು, ತುಂಡಾದ ಬೀಗ ಒಂದು, ಅದರ ಮೇಲೆ ಕೆಂಪು ಕಲೆ.

ಅದು ಕಲೆಯಲ್ಲ ಕಣೋ, ಹೃದಯ. ಆ ದಿನ ಬೆಳಿಗ್ಗೆ ನೀನು ಕಾಫಿ ಕುಡಿಯುತ್ತಿದ್ದಾಗ ನಿನ್ನ ಬೀಗ ಎತ್ತಿಕೊಂಡು ನನ್ನ ನೇಲ್ ಪಾಲಿಶ್‌ನಲ್ಲಿ ಬರೆದೆನಲ್ಲ, ಒಣಗುವ ಮೊದಲೇ ಜೇಬಿಗೆ ಹಾಕಿಕೊಂಡು ಅಂಗಿಗೆಲ್ಲ ಮೆತ್ತಿಕೊಂಡು ಬೇರೆ ಅಂಗಿ ತೊಟ್ಟು ಹೋದೆಯಲ್ಲ, ಅದೇ. ಆ ಅಂಗಿಯನ್ನು ನಾನಿನ್ನೂ ಒಗೆದಿಲ್ಲ. ಸೋಮಾರಿತನಕ್ಕೂ ಒಂದು ಕಾಲ ಬರುತ್ತದೆ. ನೀನು ಬೀಗ ಹಾಕಿದ್ದೆ. ಯಾರೋ ಕತ್ತರಿಸಿದರು. ನಾನು ಅಲ್ಲೇ ಎದ್ದು ನಿಂತು ಬೀದಿಗೆಲ್ಲ ಕೂಗಿ ಹೇಳಬೇಕು ಎಂದೆ. ವಕೀಲಮ್ಮ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಈಗ ಕೂಗಿದ್ರೆ ಅದು ಹಳೇ ಬೀಗ, ಯಾವಾಗ್ಲೋ ಕತ್ತರಿಸಿದ್ದು ಅಂತಾನೆ ಆ ಬಿಲ್ಡಿಂಗ್ ಮ್ಯಾನೇಜರ್," ಎಂದರು. "ಮೊದಲು ಅವನು ಜಡ್ಜ್ ಮುಂದೆ ಪ್ರಮಾಣ ಮಾಡಿ, ಅಲ್ಲಿ ಬೀಗವೇ ಇರಲಿಲ್ಲ ಅನ್ಲಿ. ಆಮೇಲೆ ಬೀಗ ಮೇಜಿನ ಮೇಲೆ ಇಡೋಣ. ಅಲ್ಲೀ ತನಕ ಬಾಯಿಗೆ ಬೀಗ."

ಅವನ ಸಾಕ್ಷಿ ಬರುವ ತಿಂಗಳ ಇಪ್ಪತ್ತೆರಡಕ್ಕೆ. ಆ ಬೀಗದ ಕೀಲಿಕೈ ಎಲ್ಲಿದೆ ಗೊತ್ತೇ? ಜೈಲಿನ ಗೇಟಿನಲ್ಲಿ ನಿನ್ನ ಸಾಮಾನು ಬರೆದುಕೊಂಡರಲ್ಲ, ಅದರಲ್ಲಿ ಸಣ್ಣ ಕೀಲಿಕೈ ಒಂದು ಎಂದಿದೆ. ಸರ್ಕಾರವೇ ನಮಗಾಗಿ ಜೋಪಾನ ಮಾಡುತ್ತಿದೆ. ಅದನ್ನು ವಾಪಸ್ ಕೇಳಬೇಡ. ನೀನು ಸಹಿ ಹಾಕಿದರೆ ಮಾತ್ರ ಆ ಕೀಲಿಕೈಯನ್ನು ಆ ಬೀಗಕ್ಕೆ ಯಾರೂ ಹಾಕಿ ನೋಡುವುದಿಲ್ಲ, ಅಜ್ಜನ ಸಾವಿಗೆ ಉತ್ತರ ಹೇಳಬೇಕಾದ ಆ ಮ್ಯಾನೇಜರ್ ಎಸಿ ರೂಮಿನಲ್ಲಿ ಕೂತು ಟೀ ಕುಡಿಯುತ್ತಿರುತ್ತಾನೆ.

ತಾಳಿದವನು ಬಾಳಿಯಾನು ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಆ ಗಾದೆ ಕೇಳಿದರೆ ಮೈ ಉರಿಯುತ್ತದೆ. ಎದುರು ಮನೆಯವರು ನನ್ನನ್ನು ಕಂಡರೆ ಕಿಟಕಿ ಹಾಕಿಕೊಳ್ಳುತ್ತಾರೆ, ಹಾಲಿನವನು ಮುಖ ನೋಡದೆ ಹೋಗುತ್ತಾನೆ. ಸತ್ಯ ನಾಲಿಗೆಯ ತುದಿಯಲ್ಲಿದ್ದೂ ನುಂಗಿಕೊಳ್ಳುವುದಕ್ಕೆ ತಾಳ್ಮೆ ಎನ್ನುತ್ತಾರಾದರೆ, ಅದು ಸಾಧುಗಳ ಗುಣವಲ್ಲ, ಹಲ್ಲು ಕಚ್ಚಿದವರದು. ನನ್ನ ಹಲ್ಲು ಗಟ್ಟಿ ಇವೆ. ನೀನೂ ಕಚ್ಚು.

ನಿನ್ನೆ ವಕೀಲಮ್ಮನ ಆಫೀಸಿನಿಂದ ನೆಟ್ಟಗೆ ಆ ಕಟ್ಟಡಕ್ಕೆ ಹೋದೆ. ಬೈಯಬೇಡ. ನೋಡಬೇಕು ಅನ್ನಿಸಿತು, ಹೋದೆ. ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಪೊಲೀಸ್ ಟೇಪು ಅಂಟಿಸಿದ್ದಾರೆ. ಮ್ಯಾನೇಜರ್ ಆ ಕಟ್ಟಡದಲ್ಲೇ ಇರುವ ಹಲ್ಲಿನ ಡಾಕ್ಟರ ಕಾಂಪೌಂಡರ್ ಜೊತೆ ಮಾತಾಡುತ್ತಾ ನಿಂತಿದ್ದ. ನನ್ನನ್ನು ನೋಡಿಯೂ ದನಿ ತಗ್ಗಿಸಲಿಲ್ಲ.

"ಹೊಸ ಹೆಂಡ್ತಿ ಅಲ್ವಾ, ತಲೆ ಕೆಲಸದ ಮೇಲೆ ಎಲ್ಲಿರುತ್ತೆ? ಬೀಗ ಅಂತೆ ಬೀಗ. ಆ ಸ್ವಿಚ್ಚಿಗೆ ಬೀಗ ಅನ್ನೋದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ."

ಹೇಳು ಮಹಾರಾಯ, ಇಪ್ಪತ್ತೆರಡಕ್ಕೂ ಹೀಗೇ ಹೇಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬೀಗದ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಒಂದೇ ಒಂದು ಮಾತೂ ಆಡಲಿಲ್ಲ. ನಿನ್ನಾಣೆ.

ಊಟ ಬಿಡಬೇಡ. ಗುರುವಾರ ಹೋಗಿ ನೆಟ್ಟಗೆ ನಿಂತು ಇಲ್ಲ ಎನ್ನು. ಒಂದೇ ಪದ, ಅದರಲ್ಲಿರುವ ಒತ್ತಕ್ಷರ ನನಗೂ ಬರುತ್ತದೆ.

ನಿನ್ನವಳೇ ಆದ,
ಐದು ಫೋನಿನ ಹೆಂಡತಿ

ಮರೆತ ಮಾತು: ಬಾಯಿ ಮುಚ್ಚಿಕೊಂಡೇ ಇದ್ದೆ ಎಂದೆನಲ್ಲ, ಅದು ನಿಜ. ಕೈ ಮಾತ್ರ ಮುಚ್ಚಿರಲಿಲ್ಲ. ಪಕ್ಕದಲ್ಲಿ ನೆಲ ಒರೆಸಿದ ನೀರಿನ ಬಕೆಟ್ ಇತ್ತು. ಅದು ಅವನ ತಲೆಯ ಮೇಲೆ ಮಗುಚಿತು, ಬಕೆಟ್ಟೂ ಸೇರಿ. ಹಣೆಗೆ ಮೂರು ಹೊಲಿಗೆ. ಈಗ ನನ್ನ ಮೇಲೂ ಕೇಸಿದೆ, ನನಗೂ ತಾರೀಖು ಕೊಟ್ಟಿದ್ದಾರೆ. ನೀನು ಸಹಿ ಹಾಕಿದರೆ ತಾನು ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅವನು ಇವತ್ತು ಬೆಳಿಗ್ಗೆ ಕಂಪನಿಯ ಸಾಹೇಬರ ಮೂಲಕ ಹೇಳಿ ಕಳಿಸಿದ. ಬೇಡ ಎಂದೆ. ನಾಳೆ ಅವರು ಇದೇ ಮಾತು ಹಿಡಿದುಕೊಂಡು ನಿನ್ನ ಹತ್ತಿರ ಬರುತ್ತಾರೆ. ಅವರ ಬಾಯಿಂದ ಕೇಳುವ ಮೊದಲು ನನ್ನಿಂದ ಗೊತ್ತಾಗಲಿ ಎಂದೇ ಇಷ್ಟೆಲ್ಲ ಬರೆದದ್ದು. ನನ್ನ ಚಿಂತೆ ಬಿಡು. ನೀನು ಒಳಗೆ ಕಾಯಿ, ನಾನು ಹೊರಗೆ ಕಾಯುತ್ತೇನೆ. ಈ ಸಲ ಅಳುವುದಿಲ್ಲ.